ಮಣಿಕಟ್ಟಿನ ಮೇಲೊಂದು ಲೋಲಕ

"ನನ್ನ ಮೈಯಲ್ಲಿ ಕರೆಂಟು ಜಾಸ್ತಿ, ಯಾವ ವಾಚು ಕಟ್ಟಿದರೂ ನಿಂತುಹೋಗುತ್ತೆ" ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಇದೆ. 1970ರ ದಶಕದಲ್ಲಿ ಊರಿ ಗೆಲ್ಲರ್ ಎಂಬಾತ ಟೀವಿಯಲ್ಲಿ ಕಾಣಿಸಿಕೊಂಡು, ಮನೆಯಲ್ಲಿ ನಿಂತುಹೋದ ವಾಚಿದ್ದರೆ ಹಿಡಿದುಕೊಳ್ಳಿ, ಮನೋಬಲದಿಂದ ನಡೆಸುತ್ತೇನೆ ಎನ್ನುತ್ತಿದ್ದ. ಎಷ್ಟೋ ವಾಚುಗಳು ನಿಜಕ್ಕೂ ಟಿಕ್‌ಟಿಕ್ ಎಂದವು. ಪವಾಡ ಏನೂ ಇಲ್ಲ. ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದ ವಾಚಿನೊಳಗೆ ಬಹಳ ಸಲ ಮುರಿದದ್ದು ಏನೂ ಇರುವುದಿಲ್ಲ, ಎಣ್ಣೆ ಜಿಗುಟಾಗಿ ಕಚ್ಚಿಕೊಂಡಿರುತ್ತದೆ ಅಷ್ಟೆ. ಅಂಗೈ ಬಿಸಿಗೆ ಎಣ್ಣೆ ಸಡಿಲವಾಗುತ್ತದೆ, ಅಲುಗಿದ್ದಕ್ಕೆ ಚಕ್ರ ಹೊರಳುತ್ತದೆ, ಕೀ ಕೊಟ್ಟು ಬಿಗಿಯುವ ದೊಡ್ಡ ಸ್ಪ್ರಿಂಗಿನಲ್ಲಿ ಉಳಿದ ಬಿಗಿ ಅದನ್ನು ಮುಂದಕ್ಕೆ ಓಡಿಸುತ್ತದೆ. ಆಮೇಲೆ ಅದು ಮತ್ತೆ ನಿಂತದ್ದನ್ನು ಟೀವಿಗೆ ಫೋನ್ ಮಾಡಿ ಹೇಳುವವರು ಯಾರು?

ಮೈಯ ಕರೆಂಟಿನ ಕಥೆ ಕೇಳಿದಾಗ ನನಗೆ ಸಿಟ್ಟು ಬರುವುದು ಅದು ಸುಳ್ಳು ಎಂಬುದಕ್ಕಿಂತ ಹೆಚ್ಚಾಗಿ, ವಾಚಿನೊಳಗೆ ಕಣ್ಣಿಗೇ ಕಾಣುವ ಸೋಜಿಗವೊಂದನ್ನು ಅದು ಮರೆಮಾಡುತ್ತದೆ ಎಂಬುದಕ್ಕೆ. ಹಿಂಬದಿ ಗಾಜಿರುವ ಮೆಕ್ಯಾನಿಕಲ್ ವಾಚು ಸಿಕ್ಕರೆ ಭೂತಗನ್ನಡಿ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಸುತ್ತು ಹಾಕದೆ ಅತ್ತ ಇತ್ತ ಹೊರಳುತ್ತಿರುತ್ತದೆ. ಅದು ಬ್ಯಾಲೆನ್ಸ್ ಚಕ್ರ. ಅದರ ನಡುವೆ, ತಲೆಗೂದಲಿಗಿಂತ ತೆಳ್ಳಗಿನ ಸುರುಳಿಯೊಂದು ಉಬ್ಬುತ್ತ ಕುಗ್ಗುತ್ತ ಇರುತ್ತದೆ. ಅದು ಹೇರ್‌ಸ್ಪ್ರಿಂಗ್. ಹೊತ್ತು ಅಳೆಯುವುದು ಇವೆರಡೇ. ಉಳಿದ ಹಲ್ಲಿನ ಚಕ್ರಗಳದ್ದು ಶಕ್ತಿ ಸಾಗಿಸುವ, ಎಣಿಕೆ ಇಡುವ ಕೆಲಸ.

ಈ ಸುರುಳಿ ಏಕೆ ಬೇಕಾಯಿತು ಎಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರ ಮಾಡಿದ. ಜೋಕಾಲಿಯನ್ನು ಮೆಲ್ಲಗೆ ತೂಗಿದರೂ ತುಸು ಜೋರಾಗಿ ತೂಗಿದರೂ ಒಂದು ಸಲ ಹೋಗಿ ಬರಲು ಹೆಚ್ಚು ಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದಲ್ಲ, ಲೋಲಕದ ಗುಟ್ಟೂ ಅದೇ. ಆದರೆ ಲೋಲಕವನ್ನು ಎಳೆದು ತರುವುದು ಭೂಮಿಯ ಗುರುತ್ವ. ಅದನ್ನು ಜೇಬಿನಲ್ಲಿಟ್ಟು ನಡೆದರೆ ಕೆಲಸ ಕೆಟ್ಟಿತು. ಆ ಕಾಲದ ಜೇಬುಗಡಿಯಾರಗಳು ದಿನಕ್ಕೆ ಅರ್ಧ ತಾಸು, ಒಂದು ತಾಸು ತಪ್ಪುತ್ತಿದ್ದವು. ಬಹುಪಾಲು ಗಡಿಯಾರಗಳಿಗೆ ಗಂಟೆಯ ಮುಳ್ಳೊಂದೇ ಇತ್ತು. ನಿಮಿಷ ತೋರಿಸಲು ನಂಬಿಕೆಯಾದರೂ ಎಲ್ಲಿತ್ತು!

1675ರಲ್ಲಿ ಹೈಗನ್ಸ್ ಬ್ಯಾಲೆನ್ಸ್ ಚಕ್ರಕ್ಕೆ ಸುರುಳಿ ಸ್ಪ್ರಿಂಗ್ ಜೋಡಿಸಿದ. ಇದು ಮೊದಲು ಹೊಳೆದದ್ದು ನನಗೆ ಎಂದು ಲಂಡನ್ನಿನಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಜಗಳಕ್ಕೆ ನಿಂತ. ಮರುವರ್ಷ ತನ್ನ ಇನ್ನೊಂದು ಶೋಧವನ್ನು ಯಾರೂ ಕದಿಯದಿರಲೆಂದು ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದ: ಎಷ್ಟು ಎಳೆತವೋ ಅಷ್ಟು ಬಲ. ಶಾಲೆಯಲ್ಲಿ ಬಾಯಿಪಾಠ ಮಾಡುವ ಹುಕ್ ನಿಯಮ ಇದೇ. ವಾಚಿನ ಜೀವಾಳವೂ ಇದೇ. ಚಕ್ರ ಎರಡು ಪಟ್ಟು ದೂರ ಹೊರಳಿದರೆ ಸ್ಪ್ರಿಂಗ್ ಎರಡು ಪಟ್ಟು ಬಲದಿಂದ ಹಿಂದಕ್ಕೆಳೆಯುತ್ತದೆ. ದೂರ ಹೋದದ್ದು ಜೋರಾಗಿ ಮರಳುವುದರಿಂದ ಹೊತ್ತು ಅಷ್ಟೇ ಉಳಿಯುತ್ತದೆ. ಕೀ ಪೂರ್ತಿ ಕೊಟ್ಟಾಗ ಚಕ್ರ ಹೆಚ್ಚು ಹೊರಳಲಿ, ಕೀ ಇಳಿದಾಗ ಕಡಿಮೆ ಹೊರಳಲಿ, ಲೆಕ್ಕ ಹೆಚ್ಚು ಕೆಡುವುದಿಲ್ಲ. ಗುರುತ್ವದ ಕೆಲಸವನ್ನು ಸ್ಪ್ರಿಂಗಿಗೆ ವಹಿಸಿ ಲೋಲಕವನ್ನು ಜೇಬಿಗಿಳಿಸಿದ ಉಪಾಯ ಇದು. ಇದರಷ್ಟು ಚೆಂದದ ಯಂತ್ರದ ಉಪಾಯ ನನಗಂತೂ ಇನ್ನೊಂದು ಗೊತ್ತಿಲ್ಲ.

ಈಗಿನ ಅನೇಕ ವಾಚುಗಳಲ್ಲಿ ಈ ಚಕ್ರ ಸೆಕೆಂಡಿಗೆ 8 ಸಲ ಹೊರಳುತ್ತದೆ. ಅಂದರೆ ತಾಸಿಗೆ 28,800, ದಿನಕ್ಕೆ 6,91,200. ದಿನದ 86,400 ಸೆಕೆಂಡಿನಲ್ಲಿ 5 ಸೆಕೆಂಡು ತಪ್ಪಿತೆಂದು ಮುಖ ಸಿಂಡರಿಸುವ ಸಂಗ್ರಹಕಾರರಿದ್ದಾರೆ. ಸ್ವಾಮಿ, ಅದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಕ್ರೋನೋಮೀಟರ್, ಅಂದರೆ ಪರೀಕ್ಷೆಯಲ್ಲಿ ಗೆದ್ದ ನಿಖರ ವಾಚು, ಎಂದು ಪ್ರಮಾಣಪತ್ರ ಕೊಡುವ ಸ್ವಿಸ್ ಸಂಸ್ಥೆಯೇ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗಲು ಬಿಡುತ್ತದೆ. ಅದಕ್ಕಿಂತ ನಿಖರತೆ ಬೇಕಿದ್ದರೆ ಬ್ಯಾಟರಿಯ ಕ್ವಾರ್ಟ್ಜ್ ವಾಚು ಕಟ್ಟಿಕೊಳ್ಳಿ. ಅಲ್ಲಿಯೂ ಕೆಲಸ ಮಾಡುವುದು ಸ್ಪ್ರಿಂಗಿನಂತೆ ಬಾಗಿ ಮರಳುವ ಗುಣ, ಸ್ಥಿತಿಸ್ಥಾಪಕತೆಯೇ, ಪುಟ್ಟ ಹರಳೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ.

ಹಾಗಾದರೆ ವಾಚನ್ನು ಕೆಡಿಸುವುದೇನು? ಒಂದು, ಬಿಸಿ. ಹಳೆಯ ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಯೇರಿದಂತೆ ಬಿಗಿ ಕಳೆದುಕೊಂಡು, ಒಂದೊಂದು ಡಿಗ್ರಿಗೂ ದಿನಕ್ಕೆ ಹತ್ತು ಸೆಕೆಂಡಿನ ಆಸುಪಾಸು ನಿಧಾನವಾಗುತ್ತಿತ್ತು. ಬಿಸಿಗೆ ಜಗ್ಗದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಶಾರ್ಲ್ ಎಡ್ವರ್ಡ್ ಗಿಯೋಮ್‌ಗೆ 1920ರ ಭೌತವಿಜ್ಞಾನದ ನೊಬೆಲ್ ಬಂತು. ಆತ ಹುಟ್ಟಿದ್ದು ಗಡಿಯಾರದವರ ಮನೆತನದಲ್ಲಿ. ಇನ್ನೊಂದು, ಆಯಸ್ಕಾಂತ. ಸ್ಪೀಕರಿನ ಮೇಲೋ ಆಯಸ್ಕಾಂತದ ಬಟನ್ನಿರುವ ಚೀಲದ ಮೇಲೋ ವಾಚು ಇಟ್ಟರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಬಹುದು. ಆಗ ಸ್ಪ್ರಿಂಗಿನ ಉದ್ದ ಕಡಿಮೆಯಾದಂತಾಗಿ ಅದು ಬಿಗಿಯಾಗುತ್ತದೆ, ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ. ಅನುಮಾನವಿದ್ದರೆ ದಿಕ್ಸೂಚಿಯ ಮೇಲೆ ವಾಚು ಹಿಡಿದು ನೋಡಿ, ಸೂಜಿ ವಾಚಿನ ಬಡಿತಕ್ಕೆ ನಡುಗಿದರೆ ಕಾಂತತೆ ಹತ್ತಿದೆ ಎಂದರ್ಥ. ಅದನ್ನು ತೆಗೆಯುವುದು ಅರೆಗಳಿಗೆಯ ಕೆಲಸ. ನಿಮ್ಮ ಮೈಯಿಂದ ಹೊಮ್ಮುವ ಕಾಂತತೆಯಾದರೋ ಭೂಮಿಯದ್ದರ ಮುಂದೆ ಲೆಕ್ಕಕ್ಕೇ ಇಲ್ಲ. ಮೈಯ ಕರೆಂಟಿಗೆ ನಿಂತಿತು ಎನ್ನುವ ವಾಚು ನಿಲ್ಲಲು ಬೆವರು, ಏಟು, ಒಣಗಿದ ಎಣ್ಣೆ, ಕೊಡಲು ಮರೆತ ಕೀ ಇವೇ ಸಾಕು.

ಮೂರನೆಯದು, ಓಡಿಸಿದೆವು ಎಂದುಕೊಂಡ ಗುರುತ್ವವೇ! ಚಕ್ರದ ಒಂದು ಬದಿ ಕೂದಲೆಳೆಯಷ್ಟು ಭಾರವಾಗಿದ್ದರೂ ವಾಚನ್ನು ನಿಲ್ಲಿಸಿಟ್ಟಾಗ ಒಂದು ವೇಗ, ಮಲಗಿಸಿಟ್ಟಾಗ ಇನ್ನೊಂದು. ಇದಕ್ಕೆಂದೇ ಗಡಿಯಾರ ತಯಾರಕ ಅಬ್ರಹಾಂ ಲೂಯಿ ಬ್ರೆಗೆ 1801ರಲ್ಲಿ ಟೂರ್ಬಿಯೋನ್ ಎಂಬ ಏರ್ಪಾಡಿಗೆ ಪೇಟೆಂಟ್ ಪಡೆದ. ಬ್ಯಾಲೆನ್ಸ್ ಚಕ್ರವನ್ನು ಪಂಜರದಲ್ಲಿ ಕೂರಿಸಿ ಇಡೀ ಪಂಜರವನ್ನೇ ತಿರುಗಿಸಿದರೆ ತಪ್ಪುಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಜೇಬಿನಲ್ಲಿ ಇಡೀ ದಿನ ನೆಟ್ಟಗೆ ನಿಂತಿರುವ ಗಡಿಯಾರಕ್ಕೆ ಅದು ಸರಿ. ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುವ ಮಣಿಕಟ್ಟಿಗೆ? ದುಬಾರಿ ಒಡವೆ ಎಂದೇ ನನ್ನ ಅಭಿಪ್ರಾಯ. ಒಡವೆ ಎಂದೇ ಕೊಳ್ಳುವವರ ಮೇಲೆ ತಕರಾರಿಲ್ಲ.

ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ವಾಚುಗಳನ್ನು, ಕಟ್ಟದಿದ್ದಾಗ ನಿಲ್ಲದಿರಲೆಂದು, ಹಗಲಿರುಳು ತಿರುಗಿಸುವ ಪೆಟ್ಟಿಗೆಗಳ ಬಗ್ಗೆಯೂ ನನಗೆ ಅಂಥ ಒಲವಿಲ್ಲ. ತಾರೀಕು ಮತ್ತೆ ಹೊಂದಿಸುವುದೇ ದೊಡ್ಡ ರಗಳೆಯಾಗಿರುವ ವಾಚಾದರೆ ಸರಿ, ಉಳಿದವನ್ನು ಸುಮ್ಮನೆ ಸವೆಸುವುದೇಕೆ? ಅದರ ಬದಲು, ಇಟ್ಟ ಮಗ್ಗುಲಿಗೆ ತಕ್ಕಂತೆ ವೇಗ ಬದಲಾಗುವ ಆ ಸ್ಥಾನದೋಷವನ್ನೇ ದುಡಿಸಿಕೊಳ್ಳಿ. ಹಗಲು ಕಟ್ಟಿದಾಗ ನಾಲ್ಕು ಸೆಕೆಂಡು ಮುಂದೆ ಹೋಗುವ ವಾಚು, ರಾತ್ರಿ ಕೀ ತಿರುಪನ್ನು ಮೇಲೆ ಮಾಡಿ ನಿಲ್ಲಿಸಿಟ್ಟರೆ ಅಷ್ಟೇ ಹಿಂದೆ ಬಂದೀತು. ಇನ್ನೊಂದು ವಾಚಿಗೆ ಮುಖ ಮೇಲಾಗಿ ಮಲಗಿಸುವುದೇ ಸರಿಹೋದೀತು. ಯಾವುದಕ್ಕೆ ಯಾವ ಮಗ್ಗುಲು ಎಂಬುದು ಒಂದು ವಾರ ಬರೆದಿಟ್ಟುಕೊಂಡರೆ ತಿಳಿಯುತ್ತದೆ.