ನಿಧಾನವಾಗಿ ಸಾಗುವ ಯುದ್ಧನೌಕೆ ಯಾಕಿಷ್ಟು ಇಂಧನ ಕುಡಿಯುತ್ತದೆ?

ನೌಕಾಪಡೆಯ ಇಂಧನ ಉಳಿತಾಯ ಎಂದ ಕೂಡಲೇ ನಮ್ಮಲ್ಲಿ ಬಹಳಷ್ಟು ಜನ ಜೈವಿಕ ಇಂಧನದಿಂದ ಉತ್ತರ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ವೇಗದ ಲೆಕ್ಕದಿಂದ.

ನೀರನ್ನು ಸೀಳಿಕೊಂಡು ಸಾಗಲು ಹಡಗಿಗೆ ಬೇಕಾಗುವ ಸಾಮರ್ಥ್ಯ ಸುಮಾರಾಗಿ ವೇಗದ ಘನದಷ್ಟು ಏರುತ್ತದೆ. 20 ನಾಟ್‌ನಿಂದ (ನಾಟ್ ಎಂದರೆ ಹಡಗಿನ ವೇಗದ ಅಳತೆ) 10 ನಾಟ್‌ಗೆ ಇಳಿದರೆ ಸಾಮರ್ಥ್ಯ ಎಂಟರಲ್ಲೊಂದು ಪಾಲು ಸಾಕು. ಅದೇ ದೂರಕ್ಕೆ ಎರಡರಷ್ಟು ಹೊತ್ತು ಹಿಡಿಯುವುದರಿಂದ ಒಟ್ಟು ಶಕ್ತಿ ಕಾಲು ಭಾಗವಾಗುತ್ತದೆ. ಸಾಮರ್ಥ್ಯ ಬೇರೆ, ಶಕ್ತಿ ಬೇರೆ. ಇಲ್ಲಿ ಎಡವಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಹಾಗಾದರೆ ನಿಧಾನವಾಗಿ ಹೋದಾಗ ಇಂಧನವೂ ಕಾಲು ಭಾಗಕ್ಕೆ ಇಳಿಯಬೇಕಲ್ಲ? ಇಳಿಯುವುದಿಲ್ಲ. ಹಲವು ಯುದ್ಧನೌಕೆಗಳನ್ನು ಓಡಿಸುವ ಗ್ಯಾಸ್ ಟರ್ಬೈನ್ ಎಂಜಿನ್ ಪೂರ್ಣ ಹೊರೆಗೆ ಹತ್ತಿರವಿದ್ದಾಗ ಮಾತ್ರ ಚೆನ್ನಾಗಿ ದುಡಿಯುತ್ತದೆ. ಹೊರೆ ಕಡಿಮೆಯಾದಂತೆ ಅದರ ದಕ್ಷತೆ ಕುಸಿಯುತ್ತದೆ. ಮದುವೆಮನೆಯ ಒಲೆ ಹೊತ್ತಿಸಿ ಒಂದು ಲೋಟ ಕಾಫಿ ಕಾಯಿಸಿದ ಹಾಗೆ. ಯುದ್ಧನೌಕೆ ಹೆಚ್ಚಿನ ಕಾಲ ಕಳೆಯುವುದು ಗಸ್ತಿನ ನಿಧಾನ ವೇಗದಲ್ಲೇ. ಆದರೆ ಅದರ ಎಂಜಿನ್ ಕಟ್ಟಿರುವುದು ಅಪರೂಪಕ್ಕೆ ಬೇಕಾಗುವ ಓಟಕ್ಕಾಗಿ.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಮೇಕಿನ್ ಐಲ್ಯಾಂಡ್. 2009ರಲ್ಲಿ ಸೇವೆಗೆ ಸೇರಿದ ಈ ನೌಕೆಯಲ್ಲಿ ಹಳೆಯ ಉಗಿ ಬಾಯ್ಲರ್‌ಗಳ ಬದಲು ಎರಡು ಗ್ಯಾಸ್ ಟರ್ಬೈನ್‌ಗಳಿವೆ. ಜೊತೆಗೆ ತಲಾ 5,000 ಅಶ್ವಶಕ್ತಿಯ ಎರಡು ವಿದ್ಯುತ್ ಮೋಟಾರ್‌ಗಳೂ ಇವೆ. ವೇಗ ಕಡಿಮೆಯಿದ್ದಾಗ ದೊಡ್ಡ ಟರ್ಬೈನ್‌ಗಳು ಸುಮ್ಮನಿರುತ್ತವೆ. ಡೀಸೆಲ್ ಜನರೇಟರ್‌ಗಳ ವಿದ್ಯುತ್ತಿನಿಂದ ಮೋಟಾರ್‌ಗಳೇ ಪ್ರೊಪೆಲ್ಲರ್ ತಿರುಗಿಸುತ್ತವೆ. ಮಿಸಿಸಿಪ್ಪಿಯಿಂದ ದಕ್ಷಿಣ ಅಮೆರಿಕವನ್ನು ಸುತ್ತಿಕೊಂಡು ಸ್ಯಾನ್ ಡಿಯಾಗೋ ತಲುಪಿದ ಮೊದಲ ಯಾನದಲ್ಲೇ, ಉಗಿ ನೌಕೆಗೆ ಹೋಲಿಸಿದರೆ, ಸುಮಾರು 9 ಲಕ್ಷ ಗ್ಯಾಲನ್ ಇಂಧನ ಉಳಿಯಿತು ಎಂದು ಅಲ್ಲಿನ ನೌಕಾಪಡೆ ಹೇಳಿತು. ನೆನಪಿಡಿ, ಇಂಧನ ಬದಲಾಗಿರಲಿಲ್ಲ. ಬದಲಾದದ್ದು ಅದನ್ನು ಸುಡುವ ಯಂತ್ರ, ಸುಡುವ ಹೊತ್ತು.

ಜೈವಿಕ ಇಂಧನದ ಕತೆ ಬೇರೆ. 2012ರ ರಿಂಪ್ಯಾಕ್ ಸಮರಾಭ್ಯಾಸದಲ್ಲಿ ಅಮೆರಿಕ ಜೈವಿಕ ಇಂಧನ, ಮಾಮೂಲಿ ಇಂಧನಗಳ ಅರ್ಧಕ್ಕರ್ಧ ಬೆರಕೆ ಬಳಸಿತು. ಕರಿದ ಎಣ್ಣೆ, ಪಾಚಿಯಿಂದ ತೆಗೆದ ಆ ಜೈವಿಕ ಭಾಗಕ್ಕೆ ಗ್ಯಾಲನ್‌ಗೆ ಸುಮಾರು 26 ಡಾಲರ್ ಬಿದ್ದಿತ್ತು. 2016ರಲ್ಲಿ ಜಾನ್ ಸಿ. ಸ್ಟೆನಿಸ್ ಎಂಬ ವಿಮಾನವಾಹಕ ನೌಕೆಯ ತಂಡದ ನೌಕೆಗಳು ದನದ ಕೊಬ್ಬಿನಿಂದ ಮಾಡಿದ ಇಂಧನದ ಬೆರಕೆಯೊಂದಿಗೆ ಹೊರಟಾಗ ಬೆರಕೆಯ ಬೆಲೆ ಗ್ಯಾಲನ್‌ಗೆ 2.05 ಡಾಲರ್ ಇತ್ತು. ಆದರೆ ಅದರಲ್ಲಿ ಜೈವಿಕ ಪಾಲು 10 ಪ್ರತಿಶತಕ್ಕೆ ಇಳಿದಿತ್ತು. ಬೆಲೆಯನ್ನು ಹೋಲಿಸುವಾಗ ಈ ಪಾಲನ್ನು ಬಿಟ್ಟು ಬರೆಯಬೇಡಿ. ಎಂಜಿನ್, ಟ್ಯಾಂಕ್ ಯಾವುದನ್ನೂ ಬದಲಿಸದೆ ಹಾಕಬಹುದು ಎಂಬುದು ಜೈವಿಕ ಬೆರಕೆಯ ನಿಜವಾದ ಲಾಭ.

ತಳಕ್ಕೆ ಅಂಟುವ ಪಾಚಿ, ಚಿಪ್ಪುಜೀವಿಗಳನ್ನು ಕೆರೆದು ತೆಗೆಯುವುದರಿಂದಲೂ ಎಳೆತ ತಗ್ಗಿ ಇಂಧನ ಉಳಿಯುತ್ತದೆ. ಬಂದರಿನಲ್ಲಿ ದಡದ ವಿದ್ಯುತ್ ಪಡೆದರೆ ಜನರೇಟರ್ ಆರಿಸಬಹುದು.

ಇನ್ನು ಮೇಕಿನ್ ಐಲ್ಯಾಂಡ್‌ನಂತೆ ಟರ್ಬೈನ್, ವಿದ್ಯುತ್ ಮೋಟಾರ್ ಎರಡೂ ಇರುವ ಹೈಬ್ರಿಡ್ ಇಷ್ಟು ಲಾಭದಾಯಕವಾದರೆ ಎಲ್ಲ ನೌಕೆಗಳಲ್ಲೂ ಯಾಕಿಲ್ಲ? ಅಮೆರಿಕ 34 ವಿನಾಶಕ ನೌಕೆಗಳಿಗೆ ಇಂಥ ವಿದ್ಯುತ್ ಚಾಲನೆ ಅಳವಡಿಸಲು ಹೊರಟು, ಟ್ರಕ್ಸ್‌ಟನ್ ಒಂದಕ್ಕೇ ಹಾಕಿ ಕೈಬಿಟ್ಟಿತು. ವಿನಾಶಕದಲ್ಲಿ ರೇಡಾರ್, ಅದನ್ನು ತಂಪಾಗಿಡುವ ವ್ಯವಸ್ಥೆ, ಆಯುಧ ಎಲ್ಲವೂ ಅದೇ ಜನರೇಟರ್‌ಗಳನ್ನು ನಂಬಿಕೊಂಡಿರುತ್ತವೆ. ಮೋಟಾರ್ ಅಲ್ಲಿಂದಲೇ ಪಾಲು ಕೇಳುತ್ತದೆ.