ಗುಡ್ಡದ ಗಾಳಿಗೆ ದಾರಿ ಬಿಟ್ಟ ಸ್ಟುಟ್‌ಗಾರ್ಟ್

ಬೆಂಜ್ ಕಾರು, ಬಾಷ್ ಕಂಪನಿಗಳ ಊರು ಜರ್ಮನಿಯ ಸ್ಟುಟ್‌ಗಾರ್ಟ್. ದುಡ್ಡಿಗೆ ಕೊರತೆ ಇಲ್ಲ, ಗಾಳಿಗೆ ಮಾತ್ರ ಬರ. ಊರಿನ ನಡುಭಾಗ ಇರುವುದು ನೆಕ್ಕಾರ್ ನದಿಯ ಕಡೆಗಷ್ಟೇ ಬಾಯಿ ತೆರೆದ ಕಣಿವೆಯಲ್ಲಿ. ಉಳಿದ ಕಡೆಯೆಲ್ಲ ಗುಡ್ಡ, ಕಾಡು, ದ್ರಾಕ್ಷಿ ತೋಟ. ಹೊರಗಿನ ಗಾಳಿ ಮೇಲಿಂದ ಮೇಲೇ ಹಾದುಹೋಗುತ್ತದೆ, ಬೀದಿಗೆ ಇಳಿಯುವುದು ಕಡಿಮೆ.

ಹಾಗಾಗಿ ಊರು ನೆಚ್ಚಿಕೊಂಡಿರುವುದು ತನ್ನದೇ ಗುಡ್ಡಗಳನ್ನು. ಮೋಡವಿಲ್ಲದ ರಾತ್ರಿ ಇಳಿಜಾರಿನ ಹುಲ್ಲು, ತೋಟ ಬೇಗ ತಣ್ಣಗಾಗುತ್ತವೆ. ಅವಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ, ಕೆಳಕ್ಕೆ ಜಾರುತ್ತದೆ. ರಭಸ ಏನಿಲ್ಲ, ಆಳು ನಡೆದಷ್ಟೇ. ಅಡ್ಡಕ್ಕೆ ಉದ್ದನೆಯ ಕಟ್ಟಡ ಎದ್ದರೆ ಅಲ್ಲೇ ತಡೆದು ನಿಲ್ಲುತ್ತದೆ. ನಮ್ಮ ರಾಜಕಾಲುವೆ ಒತ್ತುವರಿಯ ಕಥೆಯೇ, ಅಲ್ವಾ? ಒಂದು ಮನೆಯಿಂದ ಏನಾಗುತ್ತೆ ಅಂತ ಒಬ್ಬೊಬ್ಬರೇ ಕಟ್ಟಿದರೆ ಕೊನೆಗೆ ದಾರಿಯೇ ಉಳಿಯುವುದಿಲ್ಲ. ನೀರಾದರೆ ಮನೆಗೆ ನುಗ್ಗಿ ಲೆಕ್ಕ ಕೇಳುತ್ತದೆ. ಗಾಳಿ ಸುಮ್ನೆ ಬರುವುದನ್ನು ನಿಲ್ಲಿಸುತ್ತದೆ.

ಚಳಿಗಾಲದಲ್ಲಿ ಇನ್ನೊಂದು ಕಾಟ. ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ನಿಂತು, ಅದರ ಮೇಲೆ ಬೆಚ್ಚನೆಯ ಪದರ ಕೂರುತ್ತದೆ. ವಾಹನಗಳ ಹೊಗೆ ಆ ಪದರ ದಾಟಿ ಮೇಲೇಳದು.

1938ರಲ್ಲೇ ನಗರಾಡಳಿತ ಒಬ್ಬ ಹವಾಮಾನ ತಜ್ಞರನ್ನು ಕೆಲಸಕ್ಕೆ ತೆಗೆದುಕೊಂಡಿತು. ಮುಂದೆ ಅದೇ ಒಂದು ವಿಭಾಗವಾಗಿ ಬೆಳೆಯಿತು. ಗಾಳಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿ ಹಿಡಿಯುತ್ತದೆ ಎಂಬ ನಕ್ಷೆ ಕಟ್ಟಡ ಯೋಜನೆ ಹಾಕುವವರ ಮೇಜಿಗೇ ಬರತೊಡಗಿತು. ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು ಇದೇ. 2008ರಲ್ಲಿ ಸುತ್ತಲಿನ 179 ಊರುಗಳಿಗೂ ಸೇರಿಸಿ ಇಂಥ ನಕ್ಷೆಗಳ ಸಂಪುಟ ಬಂತು. ಅಷ್ಟರೊಳಗೆ, 1993ರ ತೋಟಗಾರಿಕೆ ಮೇಳದ ಹೊತ್ತಿಗೆ, ಉದ್ಯಾನಗಳನ್ನು ಒಂದಕ್ಕೊಂದು ಜೋಡಿಸಿ ಸುಮಾರು 8 ಕಿ.ಮೀ. ಉದ್ದದ ಹಸಿರು ಪಟ್ಟಿಯೂ ಆಗಿತ್ತು.

ತಕರಾರು ಹುಟ್ಟುವುದು ಗುಡ್ಡದ ನಡುಮಟ್ಟದಲ್ಲಿ. ಊರೆಲ್ಲ ಕಾಣುವ ಆ ಸೈಟುಗಳಿಗೆ ಬೆಲೆ ಜಾಸ್ತಿ. ತಣ್ಣನೆ ಗಾಳಿ ಇಳಿಯುವುದೂ ಅಲ್ಲಿಂದಲೇ. ಹಾಗಾಗಿ ಅಲ್ಲಿ ಎಷ್ಟು ಕಟ್ಟಬಹುದು ಎಂಬುದಕ್ಕೆ ನಗರಾಡಳಿತ ಕಡಿವಾಣ ಹಾಕಿತು.

ಆದರೆ ದಾರಿ ಬಿಟ್ಟ ಮಾತ್ರಕ್ಕೆ ಹೊಗೆ ಕರಗಲಿಲ್ಲ. ನೆಕ್ಕಾರ್‌ಟೋರ್ ಎಂಬ ರಸ್ತೆ ಬದಿಯ ಮಾಪನ ಕೇಂದ್ರ ದೂಳಿಗೆ ದೇಶಕ್ಕೆಲ್ಲ ಕುಖ್ಯಾತವಾಯಿತು. ಯುರೋಪಿನ ನಿಯಮದಂತೆ ಗಾಳಿಯಲ್ಲಿನ ದೂಳು ವರ್ಷಕ್ಕೆ 35 ದಿನ ಮಾತ್ರ ದಿನದ ಮಿತಿ ಮೀರಬಹುದು. ಆ ಕೇಂದ್ರದ ಲೆಕ್ಕ ಈ 35 ದಿನದೊಳಗೆ ಮೊದಲ ಬಾರಿಗೆ ಉಳಿದದ್ದು 2018ರಲ್ಲಿ. ಅದಕ್ಕೂ ಮೊದಲು, 2016ರ ಜನವರಿಯಿಂದ, ಗಾಳಿ ಆಡುವುದಿಲ್ಲ ಎಂದು ಮುನ್ಸೂಚನೆ ಬಂದ ದಿನಗಳಲ್ಲಿ ನಗರ ‘ದೂಳಿನ ಎಚ್ಚರಿಕೆ’ ಕೊಡತೊಡಗಿತ್ತು: ಕಾರು ಬಿಡಿ, ರೈಲು ಹತ್ತಿ. ಕಾರು ಹುಟ್ಟಿದ ಸೀಮೆಯಲ್ಲಿ! 2019ರ ಜನವರಿಯಲ್ಲಿ ಹಳೆಯ ಡೀಸೆಲ್ ಕಾರುಗಳಿಗೆ ಊರೊಳಗೆ ಬರಲು ನಿಷೇಧವೇ ಬಂತು.