ಒಂದೇ ಲ್ಯಾಪ್‌ಟಾಪ್‌ಗೆ ಮೂರು ವೇಷ

ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಆ್ಯಪ್ ನಿಜವಾದ ಕುಬರ್ನೆಟಿಸ್ ಕ್ಲಸ್ಟರ್‌ಗೆ, ಅಂದರೆ ಒಂದಾಗಿ ಕೆಲಸ ಮಾಡುವ ಯಂತ್ರಗಳ ಗುಂಪಿಗೆ, ಹೋದ ಕೂಡಲೇ ಮುಗ್ಗರಿಸುತ್ತದೆ. ಹುಡುಕಿದರೆ ಕಾರಣ ತೀರಾ ಸಣ್ಣದು. ಒಂದು ಪಾಡ್ (ಆ್ಯಪ್‌ನ ಓಡುವ ತುಣುಕು) ತಾನಿದ್ದ ನೋಡ್‌ನ (ಕ್ಲಸ್ಟರ್‌ನ ಒಂದು ಯಂತ್ರ) ಡಿಸ್ಕ್‌ಗೆ ಫೈಲ್ ಬರೆಯುತ್ತಿತ್ತು, ಇನ್ನೊಂದು ಅದನ್ನು ಓದುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದೇ ಒಂದು ನೋಡ್, ಎರಡೂ ಅಲ್ಲೇ ಇದ್ದವು. ದೊಡ್ಡ ಕ್ಲಸ್ಟರ್‌ನಲ್ಲಿ ಅವು ಬೇರೆ ಬೇರೆ ನೋಡ್‌ಗೆ ಹೋಗಿ ಬಿದ್ದವು, ಅಷ್ಟೇ. ಈ ಥರದ ತಪ್ಪನ್ನು ಒಂದೇ ನೋಡ್‌ನ ಕ್ಲಸ್ಟರ್ ಯಾವತ್ತೂ ಹಿಡಿದುಕೊಡುವುದಿಲ್ಲ. ಆದರೂ ಬಹಳ ವರ್ಷ ನಾವು ಅದರಲ್ಲೇ ಕಾಲ ತಳ್ಳಿದೆವು. ಯಾಕೆಂದರೆ ಆಗ ನೋಡ್ ಅನ್ನುವುದು ಬಲು ದುಬಾರಿ. ದುಡ್ಡಿನ ಮಾತಲ್ಲ, ಮೆಮೊರಿಯ ಮಾತು.

ಆ್ಯಪ್ ಅನ್ನು ಅದಕ್ಕೆ ಬೇಕಾದ ಸಾಮಾನಿನ ಜೊತೆ ಕಂಟೇನರ್ ಎಂಬ ಪೊಟ್ಟಣದಲ್ಲಿ ಓಡಿಸುವ ಡಾಕರ್ ಬಂದದ್ದು 2013ರಲ್ಲಿ. ಮರುವರ್ಷ ಜೂನ್‌ನಲ್ಲಿ ಗೂಗಲ್ ಇಂಥ ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಅನ್ನು ಹೊರಗೆ ಬಿಟ್ಟಿತು. ಅದರ ಹಿಂದೆ ಇದ್ದದ್ದು ಗೂಗಲ್‌ನ ಒಳಗೆ ಸಾವಿರಾರು ಯಂತ್ರಗಳನ್ನು ನಡೆಸುತ್ತಿದ್ದ ಬೋರ್ಗ್ ಎಂಬ ವ್ಯವಸ್ಥೆಯ ಅನುಭವ. ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವುದೇ ಅದರ ಕಸುಬು. ಅಂಥದ್ದನ್ನು ಒಂದೇ ಯಂತ್ರದಲ್ಲಿ ಕಲಿಯಬೇಕು ಅಂದರೆ? ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ?

ಮೊದಲು ಸಿಕ್ಕ ದಾರಿ ವರ್ಚುವಲ್ ಮಷೀನ್, ಅಂದರೆ ಯಂತ್ರದೊಳಗೊಂದು ಸಾಫ್ಟ್‌ವೇರ್ ಯಂತ್ರ. ವೇಗ್ರಂಟ್ ಎಂಬ ಸಾಧನದಲ್ಲಿ ಮೂರು ಮಷೀನ್ ಎಬ್ಬಿಸುವುದು, ಒಂದೊಂದರಲ್ಲೂ ಎಲ್ಲ ಸಾಮಾನು ಹಾಕುವುದು, ಸರ್ಟಿಫಿಕೇಟ್ ಕೂಡಿಸುವುದು. 2016ರ ಸೆಪ್ಟೆಂಬರ್‌ನಲ್ಲಿ ಕುಬರ್ನೆಟಿಸ್‌ನ 1.4ನೇ ಆವೃತ್ತಿಯ ಜೊತೆ ಕ್ಲಸ್ಟರ್ ಕಟ್ಟಿಕೊಡುವ ಕ್ಯೂಬ್‌ಅಡ್ಮಿನ್ ಬಂದು ಈ ಗೋಳು ತುಂಬಾ ಕಡಿಮೆಯಾಯಿತು. ಒಂದು ನೋಡ್‌ನಲ್ಲಿ ಇನಿಟ್ ಕಮಾಂಡ್, ಉಳಿದವುಗಳಲ್ಲಿ ಜಾಯಿನ್. ಆದರೆ ಅದು ಒಂದೊಂದು ಯಂತ್ರಕ್ಕೂ ಕಡಿಮೆಯೆಂದರೆ 2 ಜಿಬಿ ಮೆಮೊರಿ ಕೇಳುತ್ತದೆ. ಮೂರಕ್ಕೆ 6 ಜಿಬಿ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಇದರ ಜೊತೆ ಬ್ರೌಸರ್ ಒಂದನ್ನು ತೆರೆದರೆ ಫ್ಯಾನ್ ಕೂಗಲು ಶುರು.

ಅದೇ ವರ್ಷ ಬಂದ ಮಿನಿಕ್ಯೂಬ್ ರಾಜಿ ಮಾಡಿಕೊಂಡಿತು. ಒಂದೇ ಮಷೀನ್, ಒಂದೇ ನೋಡ್. 2018ರಲ್ಲಿ ಡಾಕರ್‌ನ ಡೆಸ್ಕ್‌ಟಾಪ್ ಆವೃತ್ತಿಯೊಳಗೆ ಕುಬರ್ನೆಟಿಸ್ ಸೇರಿದಾಗಲೂ ಹೀಗೇ. ತಪ್ಪು ಅನ್ನಲಾರೆ, ನಮ್ಮಲ್ಲಿ ಎಷ್ಟೋ ಜನ ಇದರಿಂದಲೇ ಕಲಿತದ್ದು. ಆದರೆ ಕ್ಲಸ್ಟರ್ ಅಂದರೆ ಒಂದು ಪೆಟ್ಟಿಗೆ ಅನ್ನುವ ಅಭ್ಯಾಸವೂ ಇದರಿಂದಲೇ ಅಂಟಿಕೊಂಡಿತು. ಮಿನಿಕ್ಯೂಬ್‌ಗೆ ಹಲವು ನೋಡ್‌ಗಳ ಸೌಲಭ್ಯ ಸೇರಿದ್ದು 2020ರಲ್ಲಿ.

ತಿರುವು ಸಿಕ್ಕಿದ್ದು ಬೇರೆ ಕಡೆಯಿಂದ. ನೋಡ್‌ಗೆ ಇಡೀ ಮಷೀನ್ ಯಾಕೆ ಬೇಕು? ಒಂದು ಕಂಟೇನರ್ ಸಾಲದೇ? ಅದರೊಳಗೆ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ, ನೋಡ್‌ನ ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್, ಪಾಡ್‌ಗಳನ್ನು ಓಡಿಸಲು ಇನ್ನೊಂದು ಕಂಟೇನರ್ ರನ್‌ಟೈಮ್. ಕಂಟೇನರ್ ಒಳಗೆ ಕಂಟೇನರ್. ಕೇಳಲು ಹುಚ್ಚಾಟದಂತಿದ್ದರೂ ಡಾಕರ್ ಒಳಗೆ ಡಾಕರ್ ಓಡಿಸುವ ಆಟ 2013ರಿಂದಲೇ ಇತ್ತು. 2018ರಲ್ಲಿ ಕುಬರ್ನೆಟಿಸ್ ಬಳಗದವರೇ ಇದನ್ನು ಕೈಂಡ್ ಹೆಸರಿನ ಸಾಧನವಾಗಿ ಕಟ್ಟಿದರು. ‘ಕುಬರ್ನೆಟಿಸ್ ಇನ್ ಡಾಕರ್’ ಅನ್ನುವುದರ ಚಿಕ್ಕ ರೂಪ. ನಮ್ಮಂಥ ಆ್ಯಪ್ ಬರೆಯುವವರಿಗಾಗಿ ಮಾಡಿದ್ದಲ್ಲ ಅದು. ಕುಬರ್ನೆಟಿಸ್ ಅನ್ನೇ ಪರೀಕ್ಷಿಸಲು ಮಾಡಿದ್ದು. ನಾವು ಹಿಂಬಾಗಿಲಿನಿಂದ ನುಗ್ಗಿದೆವು. ಸಣ್ಣ ಫೈಲ್‌ನಲ್ಲಿ ಒಂದು ಕಂಟ್ರೋಲ್ ಪ್ಲೇನ್ (ಕ್ಲಸ್ಟರ್ ಆಳುವ ನೋಡ್), ಎರಡು ವರ್ಕರ್ (ಆ್ಯಪ್ ಓಡಿಸುವ ನೋಡ್) ಅಂತ ಬರೆದು ಒಂದು ಕಮಾಂಡ್ ಕೊಟ್ಟರೆ ಸಾಕು, ಮೂರು ನೋಡ್ ಎದ್ದು ನಿಲ್ಲುತ್ತವೆ. ಒಳಗೆ ಕೆಲಸ ಮಾಡುವುದು ಅದೇ ಹಳೆಯ ಕ್ಯೂಬ್‌ಅಡ್ಮಿನ್.

2019ರಲ್ಲಿ ರ್‍ಯಾಂಚರ್ ಲ್ಯಾಬ್ಸ್ ಬೇರೆ ದಾರಿ ಹಿಡಿದು ಕುಬರ್ನೆಟಿಸ್ ಅನ್ನೇ ಸಣ್ಣದು ಮಾಡಿತು. ಅದೇ ಕೆ3ಎಸ್. ಒಂದೇ ಬೈನರಿ (ಓಡಿಸುವ ಫೈಲ್), ಕ್ಲಸ್ಟರ್‌ನ ಮಾಹಿತಿ ಇಡಲು ಇಟಿಸಿಡಿ ಬದಲು ಹಗುರವಾದ ಡೇಟಾಬೇಸ್ ಎಸ್‌ಕ್ಯೂಲೈಟ್. ಹೆಸರಿನ ಲೆಕ್ಕ ಮಜವಾಗಿದೆ: ಕುಬರ್ನೆಟಿಸ್‌ಗೆ ಇಂಗ್ಲಿಷ್‌ನಲ್ಲಿ 10 ಅಕ್ಷರ, ಮೊದಲ ಕೆ ಮತ್ತು ಕೊನೆಯ ಎಸ್ ನಡುವೆ 8, ಅದಕ್ಕೇ ಕೆ8ಎಸ್. ಅರ್ಧ ಮಾಡಿದರೆ 5, ಆಗ ಕೆ3ಎಸ್. ಇದನ್ನು ಕಂಟೇನರ್‌ಗಳಲ್ಲಿ ಎಬ್ಬಿಸುವುದಕ್ಕೆ ಕೆ3ಡಿ ಇದೆ.

ಹೀಗೆ ನೋಡ್ ಅಗ್ಗವಾಯಿತು. ಆದರೆ ವೇಷ ಎಷ್ಟಾದರೂ ವೇಷವೇ, ಅಲ್ವಾ? 16 ಜಿಬಿಯ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಕೈಂಡ್‌ನ ಮೂರು ನೋಡ್ ಎಬ್ಬಿಸಿ, ಪ್ರತಿ ನೋಡ್ ‘ನನ್ನ ಹತ್ತಿರ 16 ಜಿಬಿ ಇದೆ’ ಅನ್ನುತ್ತದೆ. ಕ್ಲಸ್ಟರ್‌ನ ಲೆಕ್ಕದಲ್ಲಿ ಅದು 48 ಜಿಬಿ! ಎಷ್ಟು ಹೊರೆ ತಡೆಯುತ್ತದೆ ಎಂದು ಇದರ ಮೇಲೆ ಅಳೆಯಲು ಹೋಗಬೇಡಿ.

ಹೊಸಬರು ಮೊದಲು ಎಡವುವುದು ಇಮೇಜ್‌ನಲ್ಲಿ, ಅಂದರೆ ಕಂಟೇನರ್ ಎಬ್ಬಿಸುವ ಅಚ್ಚಿನಲ್ಲಿ. ಈಗತಾನೇ ಬಿಲ್ಡ್ ಮಾಡಿದ ಇಮೇಜ್ ಲ್ಯಾಪ್‌ಟಾಪ್‌ನ ಡಾಕರ್‌ನಲ್ಲಿ ಕಣ್ಣೆದುರೇ ಇದೆ, ಪಾಡ್ ಮಾತ್ರ ಸಿಗಲಿಲ್ಲ ಅನ್ನುತ್ತದೆ. ಪ್ರತಿ ನೋಡ್‌ನೊಳಗೆ ಬೇರೆಯೇ ಕಂಟೇನರ್ ರನ್‌ಟೈಮ್, ಕಂಟೇನರ್‌ಡಿ, ಇರುತ್ತದೆ, ಅದಕ್ಕೆ ಹೊರಗಿನದು ಕಾಣುವುದಿಲ್ಲ. ಕೈಂಡ್‌ನ ಲೋಡ್ ಕಮಾಂಡ್‌ನಿಂದ ಇಮೇಜ್ ಅನ್ನು ಒಳಗೆ ತಳ್ಳಬೇಕು. ಟ್ಯಾಗ್ (ಇಮೇಜ್‌ನ ಆವೃತ್ತಿಯ ಹೆಸರು) ‘ಲೇಟೆಸ್ಟ್’ ಆಗಿದ್ದರೆ ಅಷ್ಟೂ ಸಾಲದು, ಕುಬರ್ನೆಟಿಸ್ ತಾನಾಗಿ ಮತ್ತೆ ಇಮೇಜ್‌ಗಳನ್ನು ಇಡುವ ಹೊರಗಿನ ರಿಜಿಸ್ಟ್ರಿಯ ಕಡೆಗೇ ಓಡುತ್ತದೆ.

ನೋಡ್ ಜಾಸ್ತಿ ಮಾಡುತ್ತಾ ಹೋದರೆ ಲಿನಕ್ಸ್‌ನಲ್ಲಿ ‘ತೆರೆದ ಫೈಲ್‌ಗಳು ಜಾಸ್ತಿಯಾದವು’ ಎಂಬ ಎರರ್ ಬರುತ್ತದೆ. ಫೈಲ್‌ಗಳ ತಪ್ಪೇನೂ ಇಲ್ಲ. ಎಲ್ಲ ನೋಡ್‌ಗಳಿಗೂ ಕರ್ನಲ್ (ಲಿನಕ್ಸ್‌ನ ತಿರುಳು) ಒಂದೇ. ಫೈಲ್‌ಗಳ ಬದಲಾವಣೆ ಗಮನಿಸುವ ಅದರ ಐನೋಟಿಫೈ ಸೌಲಭ್ಯದ ಮಿತಿ ಮುಗಿದಿರುತ್ತದೆ. ವಾಚ್‌ಗಳನ್ನು 524288ಕ್ಕೂ ಇನ್‌ಸ್ಟೆನ್ಸ್‌ಗಳನ್ನು 512ಕ್ಕೂ ಏರಿಸಿ ಎನ್ನುವುದು ಕೈಂಡ್‌ನವರ ಸಲಹೆ.

ಇಷ್ಟಾದರೂ ನಾನು ಒಂದು ಕಂಟ್ರೋಲ್ ಪ್ಲೇನ್, ಎರಡು ವರ್ಕರ್ ಬಿಟ್ಟು ಕದಲುವುದಿಲ್ಲ. ಒಂದೇ ಒಂದು ಪ್ರಯೋಗಕ್ಕಾಗಿ. ಒಂದು ವರ್ಕರ್ ಕಂಟೇನರ್ ಅನ್ನು ಡಾಕರ್‌ನಿಂದ ಸುಮ್ನೆ ನಿಲ್ಲಿಸಿ ನೋಡಿ. ಒಂದು ನಿಮಿಷದೊಳಗೆ ಆ ನೋಡ್ ಸಿದ್ಧವಿಲ್ಲ ಎಂದು ಕಾಣಿಸುತ್ತದೆ. ಅದರ ಪಾಡ್‌ಗಳು ಮಾತ್ರ ಅಲ್ಲಾಡುವುದಿಲ್ಲ. ಕೆಟ್ಟಿದೆ ಅಂದುಕೊಂಡು ಎಷ್ಟೋ ಜನ ಕ್ಲಸ್ಟರ್ ಅಳಿಸಿಬಿಡುತ್ತಾರೆ. ನಾವೇನೂ ಬದಲಿಸದಿದ್ದರೆ ಕುಬರ್ನೆಟಿಸ್ 300 ಸೆಕೆಂಡ್ ಕಾಯುತ್ತದೆ, ಆಮೇಲಷ್ಟೇ ಬೇರೆ ನೋಡ್‌ನಲ್ಲಿ ಹೊಸ ಪಾಡ್ ಎಬ್ಬಿಸುತ್ತದೆ. ನಿಮ್ಮ ಆ್ಯಪ್‌ನ ಎರಡೂ ಪ್ರತಿಗಳು ಅದೇ ವರ್ಕರ್ ಮೇಲಿದ್ದರೆ ಆ ಐದು ನಿಮಿಷ ಅದು ಸತ್ತಂತೆಯೇ.

ನೋಡ್ ಅಗ್ಗವಾಗುವುದು ಇಲ್ಲಿಗೂ ನಿಂತಿಲ್ಲ. ಈಗ ಕ್ವಾಕ್ ಇದೆ, ಕ್ಯೂಬ್‌ಲೆಟ್ ಇಲ್ಲದ ಕುಬರ್ನೆಟಿಸ್. ಅದರಲ್ಲಿ ನೋಡ್‌ಗೆ ಕಂಟೇನರ್ ಕೂಡ ಇಲ್ಲ, ಬರೀ ಹೆಸರಿನ ನಮೂದು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಸಾವಿರ ನೋಡ್ ತೋರಿಸಬಹುದು. ಪಾಡ್‌ಗಳೆಲ್ಲ ಓಡುತ್ತಿವೆ ಎಂದೇ ಕಾಣುತ್ತದೆ, ಒಂದೂ ಓಡುತ್ತಿರುವುದಿಲ್ಲ. ಪಾಡ್‌ಗಳನ್ನು ನೋಡ್‌ಗಳಿಗೆ ಹಂಚುವ ಶೆಡ್ಯೂಲರ್‌ಗೆ ಮಾತ್ರ ಯಾವ ಅನುಮಾನವೂ ಬರುವುದಿಲ್ಲ, ತನ್ನ ಪಾಡಿಗೆ ಹಂಚುತ್ತಾ ಹೋಗುತ್ತದೆ.